ಉಪ್ಪಿಗಿಂತ ರುಚಿಯುಂಟೆ? ಹೊರನಾಡ ಕನ್ನಡಿಗರ ಅಡುಗೆಮನೆಯ ಕುರಿತು ಕೆಲವು ಮಾತು

(ಕೊಚ್ಚಿಯಲ್ಲಿಯೂ ಅನಂತರ ತಿರುವನಂತಪುರದಲ್ಲಿಯೂ ಸೇರಿದ ಕನ್ನಡ ಬಂಧುಗಳ ಸಭೆಗಳಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಭಾಷೆ, ಗಡಿ, ಸಾಹಿತ್ಯ ಎಂದು ಮಾತನಾಡುವ ಈ ವೇದಿಕೆಯಿಂದ ಇಂದು ನಾನು ಉಪ್ಪಿನ ಡಬ್ಬಿಯ ವಿಷಯ ಎತ್ತಿಕೊಂಡಿದ್ದೇನೆ. ಗೃಹವಿಜ್ಞಾನದ ಪಾಠ ಹೇಳಿ ನಿವೃತ್ತಳಾದವಳು ಬೇರೇನು ಮಾತನಾಡಿಯಾಳು ಎಂದು ನಿಮ್ಮಲ್ಲಿ ಕೆಲವರು ಮುಗುಳ್ನಗುತ್ತಿರಬಹುದು. ಆದರೆ ಉಪ್ಪು ಸಂಸ್ಕೃತಿಯ ಹೊರಗಿನ ವಸ್ತುವಲ್ಲ, ರಾಜಕಾರಣದ ಹೊರಗಿನದಂತೂ ಅಲ್ಲವೇ ಅಲ್ಲ. ಕೇರಳಕ್ಕೆ ಬಂದ ಕನ್ನಡಿಗನು ಅಂಗಡಿಯಲ್ಲಿ ಹೊಸದಾಗಿ ಕಲಿಯಬೇಕಾಗಿಲ್ಲದ ಮೊದಲ ಮಾತು 'ಉಪ್ಪು'. ನಮ್ಮ 'ಹುಳಿ' ಇಲ್ಲಿ 'ಪುಳಿ'ಯಾಗಿಯೇ ಉಳಿದಿದೆ; 'ಉಪ್ಪು' ಮಾತ್ರ ಎರಡು ನುಡಿಗಳಲ್ಲಿಯೂ ಒಂದೇ. ಬಾಳೆಯೆಲೆ ಹಾಕಿದೊಡನೆ ತುದಿಗೆ ಉಪ್ಪು ಬಡಿಸುವ ಪದ್ಧತಿಯೂ ಎರಡು ನಾಡುಗಳಿಗೆ ಸೇರಿದ್ದು.

1930ರ ಏಪ್ರಿಲ್ ತಿಂಗಳನ್ನು ಒಮ್ಮೆ ನೆನೆಯಿರಿ. ದಂಡಿಯಲ್ಲಿ ಗಾಂಧೀಜಿ ಉಪ್ಪಿನ ಕಾನೂನನ್ನು ಮುರಿದ ಒಂದು ವಾರದಲ್ಲಿ ಉತ್ತರ ಕನ್ನಡದ ಅಂಕೋಲೆಯ ಜನ ಕಡಲತಡಿಯಲ್ಲಿ ಸೇರಿ ಅದೇ ಕಾನೂನನ್ನು ಮುರಿದರು. ಅದೇ ತಿಂಗಳು ಕೆ. ಕೇಳಪ್ಪನವರ ಮುಂದಾಳುತನದಲ್ಲಿ ಒಂದು ತಂಡ ಕೋಳಿಕೋಡಿನಿಂದ ನಡೆದು ಪಯ್ಯನ್ನೂರಿನ ತೀರದಲ್ಲಿ ಉಪ್ಪು ತಯಾರಿಸಿತು. ಒಂದು ಚಿಟಿಕೆ ಉಪ್ಪು ಬಡವನ ಹಕ್ಕು ಎಂಬುದು ಅಂದಿನ ಕೂಗು. ಆ ಹಕ್ಕು ನಮಗೆ ದಕ್ಕಿತು. ಇಂದು ಅಂಗಡಿಯ ಸಾಮಾನುಗಳಲ್ಲೆಲ್ಲ ಅತ್ಯಂತ ಅಗ್ಗವಾದದ್ದು ಉಪ್ಪೇ. ಬೇಳೆ ತುಟ್ಟಿಯಾದಾಗ, ತರಕಾರಿ ತುಟ್ಟಿಯಾದಾಗ, ತಟ್ಟೆಯ ಅನ್ನವನ್ನು ಗಂಟಲಿಗಿಳಿಸುವ ಕೆಲಸವನ್ನು ಉಪ್ಪಿನಕಾಯಿಯೂ ಹಪ್ಪಳವೂ ವಹಿಸಿಕೊಳ್ಳುತ್ತವೆ. ಅಂದು ಬಡವನಿಗೆ ಸಿಗದಂತೆ ಮಾಡಿದ ಉಪ್ಪೇ ಇಂದು ಅವನ ಪಾಲಿಗೆ ಅತಿಯಾಗಿದೆ. ಹಕ್ಕಿನ ಹೋರಾಟ ಮುಗಿದ ಮೇಲೆ ವಿವೇಕದ ಹೋರಾಟವೊಂದು ಉಳಿದಿರುತ್ತದೆ. ಅದರ ರಣರಂಗ ಕಡಲತೀರವಲ್ಲ, ನಮ್ಮ ನಮ್ಮ ಒಲೆಯ ಪಕ್ಕ.

ಲೆಕ್ಕವನ್ನು ಮೊದಲು ನೋಡೋಣ. ವಯಸ್ಕನೊಬ್ಬನಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇದು ಒಂದು ಸಣ್ಣ ಚಮಚದ ಸಮಮಟ್ಟ. ಸಾರು, ಪಲ್ಯ, ಉಪ್ಪಿನಕಾಯಿ, ಬೇಕರಿಯ ತಿಂಡಿ ಎಲ್ಲವೂ ಇದರೊಳಗೆ ಬಂತು. 2017-18ರ ರಾಷ್ಟ್ರೀಯ ಸಮೀಕ್ಷೆಯಂತೆ ಭಾರತೀಯನ ಸರಾಸರಿ ದಿನಕ್ಕೆ ಸುಮಾರು 8 ಗ್ರಾಂ. ಕೇರಳದಲ್ಲಿ ವಯಸ್ಕರಲ್ಲಿ ಮೂವರಿಗೆ ಸುಮಾರು ಒಬ್ಬರಂತೆ ರಕ್ತದೊತ್ತಡವಿದೆಯೆಂದು ತಿರುವನಂತಪುರದ ಶ್ರೀಚಿತ್ರಾ ತಿರುನಾಳ್ ಸಂಸ್ಥೆಯ ವಿದ್ವಾಂಸರು ರಾಜ್ಯಾದ್ಯಂತ ನಡೆಸಿದ ಅಧ್ಯಯನದಿಂದ ತಿಳಿದುಬಂದಿದೆ. ಅವರಲ್ಲಿ ಒತ್ತಡ ಹತೋಟಿಯಲ್ಲಿರುವವರು ಬಹಳ ಕಡಿಮೆ. ಪಾರ್ಶ್ವವಾಯು, ಹೃದಯಾಘಾತ, ಮೂತ್ರಪಿಂಡದ ಸೋಲು ಇವು ಆ ಒತ್ತಡದ ಹಿಂದೆ ಬರುವ ಅತಿಥಿಗಳು. ಈ ಸಭೆಯಲ್ಲಿ ನೂರು ಮಂದಿ ವಯಸ್ಕರಿದ್ದರೆ ಮೂವತ್ತು ಮಂದಿಯ ಮಾತನ್ನು ನಾನು ಆಡುತ್ತಿದ್ದೇನೆ. ಅವರ ಮನೆಯವರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಹೊರಗುಳಿಯುವವರು ಯಾರು?

ಪಾಶ್ಚಾತ್ಯ ದೇಶಗಳಲ್ಲಿ ಉಪ್ಪಿನ ಹೆಚ್ಚಿನ ಪಾಲು ಕಾರ್ಖಾನೆಯ ಪೊಟ್ಟಣಗಳಿಂದ ಬರುತ್ತದೆ. ಅಲ್ಲಿ ಸರಕಾರ ಕಾರ್ಖಾನೆಗಳನ್ನು ಹಿಡಿದರೆ ಕೆಲಸ ಆದಂತೆ. ನಮ್ಮಲ್ಲಿ ಹೆಚ್ಚಿನ ಪಾಲು ಮನೆಯ ಒಲೆಯ ಮೇಲೆ, ನಮ್ಮದೇ ಕೈಯಿಂದ ಬೀಳುತ್ತದೆ. ಹೊರನಾಡಿನಲ್ಲಿರುವ ನಮಗೆ ಇನ್ನೊಂದು ಕಾರಣವೂ ಸೇರುತ್ತದೆ. ಊರಿನಿಂದ ಬರುವ ಗಂಟಿನಲ್ಲಿ ಕೆಡದೆ ಬರಬಲ್ಲ ಪದಾರ್ಥಗಳೇ ಇರುತ್ತವೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿ, ಕರಾವಳಿಯವರಾದರೆ ಉಪ್ಪುಸೊಳೆ, ಒಣಮೀನು. ಇವನ್ನೆಲ್ಲ ಕೆಡದಂತೆ ಕಾಯುವುದರಲ್ಲಿ ಉಪ್ಪಿನ ಪಾತ್ರ ದೊಡ್ಡದು. ಹೀಗೆ ಊರಿನ ನೆನಪು ನಮ್ಮ ನಾಲಗೆಗೆ ಉಪ್ಪಿನ ರೂಪದಲ್ಲಿ ತಲುಪುತ್ತದೆ. ಮಕ್ಕಳ ಬಾಯಲ್ಲಿ ಕನ್ನಡ ತೆಳುವಾದರೂ ಅಜ್ಜಿಯ ಉಪ್ಪಿನಕಾಯಿಯ ರುಚಿ ಉಳಿಯಲಿ ಎಂದು ನಾವು ಇನ್ನೊಂದು ಹೋಳು ಬಡಿಸುತ್ತೇವೆ. ಪ್ರೀತಿಯಿಂದ ಬಡಿಸಿದರೆ ಸೋಡಿಯಂ ಕಡಿಮೆಯಾಗುವುದಿಲ್ಲ.

ಹಾಗಾದರೆ ಸಪ್ಪೆ ಉಣ್ಣಬೇಕೆ? 'ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ' ಎಂದು ಬೆಳೆದವರು ನಾವು. ವೈದ್ಯರು ಉಪ್ಪು ಬಿಡಿ ಎಂದಾಗ ಒಂದು ವಾರ ಮುಖ ಸಿಂಡರಿಸಿಕೊಂಡು ಉಂಡು, ಎಂಟನೆಯ ದಿನ ಉಪ್ಪಿನ ಡಬ್ಬಿಗೆ ಕೈ ಹಾಕುವುದು ಮನುಷ್ಯ ಸಹಜ. ರುಚಿಯನ್ನು ಕಸಿದುಕೊಂಡು ಹೇಳುವ ಆರೋಗ್ಯದ ಬುದ್ಧಿವಾದ ಬಹುಕಾಲ ನಿಲ್ಲದು. ಆದುದರಿಂದ ಉಪ್ಪು ಕಡಿಮೆಯಾದ ಜಾಗವನ್ನು ತುಂಬುವ ಇನ್ನೊಂದು ರುಚಿ ಇದೆಯೇ ಎಂಬುದು ಸರಿಯಾದ ಪ್ರಶ್ನೆ. ಇದೆ.

ನಮ್ಮ ಹಿರಿಯರು ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯ ಎಂದು ಷಡ್ರಸಗಳನ್ನು ಎಣಿಸಿದರು. 1908ರಲ್ಲಿ ಟೋಕಿಯೊದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ ಅವರು, ತಮ್ಮ ದೇಶದ ಸಾರಿನ ಮೂಲವಾದ 'ಕೊಂಬು' ಎಂಬ ಕಡಲಪಾಚಿಯಿಂದ ಗ್ಲುಟಮೇಟ್ ಎಂಬ ವಸ್ತುವನ್ನು ಬೇರ್ಪಡಿಸಿ, ಸಿಹಿ ಹುಳಿ ಉಪ್ಪು ಕಹಿಗಳ ಯಾವ ಗುಂಪಿಗೂ ಸೇರದ ಅದರ ರುಚಿಗೆ 'ಉಮಾಮಿ' ಎಂದು ಹೆಸರಿಟ್ಟರು. ಸೊಗಸಾದ ಸವಿ ಎಂದು ಅದರರ್ಥ. 1913ರಲ್ಲಿ ಅವರ ಶಿಷ್ಯ ಶಿಂತಾರೊ ಕೊದಾಮಾ, ಹೊಗೆಯಲ್ಲಿ ಒಣಗಿಸಿದ ಮೀನಿನಲ್ಲಿ ಇನೊಸಿನೇಟ್ ಎಂಬ ಇನ್ನೊಂದು ವಸ್ತುವನ್ನು ಕಂಡರು. 1957ರಲ್ಲಿ ಅಕಿರಾ ಕುನಿನಾಕಾ, ಗ್ವಾನಿಲೇಟ್ ಎಂಬ ಮೂರನೆಯದೂ ಇದೇ ರುಚಿ ಕೊಡುವುದನ್ನು ತೋರಿಸಿದರು. ಒಣಗಿದ ಅಣಬೆಯಲ್ಲಿ ಅದು ಹೇರಳ. ಒಂದನೆಯದನ್ನು ಎರಡನೆಯದರೊಡನೆ ಅಥವಾ ಮೂರನೆಯದರೊಡನೆ ಬೆರೆಸಿದರೆ ರುಚಿ ಕೂಡುವುದಷ್ಟೇ ಅಲ್ಲ, ಹಲವು ಪಟ್ಟು ಹೆಚ್ಚುತ್ತದೆ ಎಂಬುದೂ ಗೊತ್ತಾಯಿತು. ಬಹುಕಾಲ ಪಶ್ಚಿಮದವರು ಇದನ್ನು ನಂಬಲಿಲ್ಲ. ನಾಲಗೆಯಲ್ಲಿ ಈ ರುಚಿಯನ್ನು ಗುರುತಿಸುವ ಗ್ರಾಹಕಗಳು 2002ರ ವೇಳೆಗೆ ಪತ್ತೆಯಾದ ಮೇಲೆ ವಾದ ಮುಗಿಯಿತು. ನಮಗೆ ಈ ರುಚಿಯ ಪರಿಚಯ ತೊಟ್ಟಿಲಿನಿಂದಲೇ ಇದೆ. ತಾಯಿಯ ಹಾಲಿನಲ್ಲಿ ಬಿಡಿ ಗ್ಲುಟಮೇಟ್ ಹಸುವಿನ ಹಾಲಿಗಿಂತ ಎಷ್ಟೋ ಪಟ್ಟು ಹೆಚ್ಚು. ಗಾದೆಯಲ್ಲಿ ಉಪ್ಪನ್ನೂ ತಾಯಿಯನ್ನೂ ಜೊತೆಗಿಟ್ಟವರು ಈ ಸಂಗತಿಯನ್ನು ತಿಳಿದಿದ್ದರೆ ಇನ್ನೊಂದು ಗಾದೆ ಕಟ್ಟುತ್ತಿದ್ದರೇನೋ.

ಈ ರುಚಿ ಬಾಯಿ ತುಂಬುತ್ತದೆ, ಉಂಡ ಮೇಲೂ ನಿಲ್ಲುತ್ತದೆ. ತಕ್ಕಷ್ಟು ಉಮಾಮಿ ಇರುವ ಸಾರಿನಲ್ಲಿ ಉಪ್ಪು ಕಡಿಮೆ ಮಾಡಿದರೂ ಉಣ್ಣುವವರಿಗೆ ಅದು ಹಿತವಾಗಿಯೇ ಇರುತ್ತದೆಂದು 1984ರಲ್ಲಿಯೇ ಜಪಾನಿನ ಸಂಶೋಧಕರು ತೋರಿಸಿದ್ದಾರೆ. ಮುಖ್ಯ ಮಾತು ಇಷ್ಟೇ. ಇನ್ನು ಉಳಿದದ್ದು ನಮ್ಮ ಅಡುಗೆಮನೆಗೆ ಅದನ್ನು ಹೊಂದಿಸಿಕೊಳ್ಳುವ ಕೆಲಸ.

ಮೊದಲು ಟೊಮೆಟೊ. ಚೆನ್ನಾಗಿ ಹಣ್ಣಾದ ಟೊಮೆಟೊದಲ್ಲಿ ಗ್ಲುಟಮೇಟ್ ಹೆಚ್ಚು, ಕಾಯಿಯಲ್ಲಿ ಕಡಿಮೆ. ಬೀಜದ ಸುತ್ತಲಿನ ಲೋಳೆಯಲ್ಲಿ ತಿರುಳಿಗಿಂತ ಹೆಚ್ಚಿರುತ್ತದೆಂದು 2007ರಲ್ಲಿ ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರು ಕಂಡುಕೊಂಡರು. ಆದ್ದರಿಂದ ಬೀಜ ತೆಗೆದು ಚೆಲ್ಲುವ ಹೊಸ ನಾಜೂಕು ನಮಗೆ ಬೇಡ. ಹಣ್ಣನ್ನು ಬಾಣಲೆಯಲ್ಲಿ ಎಣ್ಣೆ ಬಿಡುವ ತನಕ ಬಾಡಿಸಿ ನೀರಿನಂಶ ಇಂಗಿಸಿದರೆ ಇದ್ದ ರುಚಿ ಗಟ್ಟಿಯಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಹಸಿ ಬಟಾಣಿಗಳಲ್ಲಿಯೂ ಅಷ್ಟಿಷ್ಟು ಉಂಟು.

ಎರಡನೆಯದು ಅಣಬೆ. ಮಲೆನಾಡಿನವರು ಮೊದಲ ಮಳೆಗೆ ಅಣಬೆ ಹುಡುಕಿ ಹೊರಟವರು. ಆ ಸಾರಿನ ಗಮ್ಮತ್ತನ್ನು ಅವರಿಗೆ ನಾನು ಹೇಳಬೇಕಾಗಿಲ್ಲ. ಕೇರಳದಲ್ಲಿ ಚಿಪ್ಪಿ ಅಣಬೆಯನ್ನು ಎಷ್ಟೋ ಮನೆಗಳಲ್ಲಿ ಹುಲ್ಲಿನ ಚೀಲದಲ್ಲಿ ಬೆಳೆಸುತ್ತಾರೆ. ಒಣಗಿಸಿದ ಅಣಬೆಯನ್ನು ತಣ್ಣೀರಿನಲ್ಲಿ ನೆನೆಸಿ, ಆ ನೀರಿನೊಡನೆಯೇ ಸಣ್ಣ ಉರಿಯಲ್ಲಿ ಕಾಯಿಸುವುದು ಜಪಾನಿಗಳ ಕ್ರಮ. ನೆನೆಸಿದ ನೀರನ್ನು ಚೆಲ್ಲಿದವನು ರುಚಿಯನ್ನೇ ಚೆಲ್ಲಿದಂತೆ. ಟೊಮೆಟೊ ಬಾಡಿಸಿದ ಸಾರಿಗೆ ಈ ನೀರು ಬಿದ್ದರೆ, ನಾನು ಹೇಳಿದ ಹಲವು ಪಟ್ಟಿನ ಲೆಕ್ಕ ಸಸ್ಯಾಹಾರಿಗಳ ಮನೆಯಲ್ಲಿಯೂ ನಡೆಯುತ್ತದೆ.

ಮೂರನೆಯದು ನಮ್ಮದೇ ಹಳೆಯ ಜಾಣ್ಮೆ. ಹಳೆ ಮೈಸೂರಿನ ಬಸ್ಸಾರು, ಬೇಳೆಯ ಕಟ್ಟಿನ ಸಾರು, ಹುರುಳಿಯ ಕಟ್ಟನ್ನು ಕುದಿಸಿ ಕುದಿಸಿ ಇಳಿಸಿದ ಸಾರು ಇವೆಲ್ಲವೂ ಬೇಯಿಸಿದ ನೀರಿಗೆ ಬೆಲೆ ಕೊಟ್ಟ ಅಡುಗೆಗಳು. ಬೇಳೆಕಾಳುಗಳ ಪ್ರೋಟೀನಿನೊಳಗೆ ಗ್ಲುಟಮಿಕ್ ಆಮ್ಲ ಧಾರಾಳವಾಗಿದ್ದರೂ ಅದು ಕಟ್ಟಿಹಾಕಿದ ಸ್ಥಿತಿಯಲ್ಲಿರುತ್ತದೆ. ನಾಲಗೆಗೆ ಸಿಗುವುದು ಬಿಡಿಯಾಗಿರುವ ಸ್ವಲ್ಪ ಮಾತ್ರ. ಆದುದರಿಂದ ಬರಿಯ ಕಟ್ಟಿನಿಂದ ಪವಾಡ ನಿರೀಕ್ಷಿಸಬಾರದು. ಆದರೆ ನೀರಾದ ಸಾರಿಗಿಂತ ಗಟ್ಟಿಯಾದ ಕಟ್ಟಿಗೆ ಟೊಮೆಟೊ, ಬೆಳ್ಳುಳ್ಳಿ, ಹುಣಿಸೆಹುಳಿ, ಹುರಿದ ಜೀರಿಗೆ ಮೆಣಸು ಸೇರಿದಾಗ ಉಪ್ಪಿನ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಹುಳಿಯೂ ಹುರಿದ ಮಸಾಲೆಯ ಪರಿಮಳವೂ ಉಮಾಮಿಯಲ್ಲ, ಆದರೆ ಅದರ ಒಳ್ಳೆಯ ನೆರೆಹೊರೆ.

ನಾಲ್ಕನೆಯದನ್ನು ಮೀನು ತಿನ್ನುವವರಿಗಾಗಿ ಹೇಳುತ್ತೇನೆ. ಲಕ್ಷದ್ವೀಪದ ಹಡಗುಗಳು ಬರುವ ಬಂದರು ಕೊಚ್ಚಿ. ಆ ದ್ವೀಪಗಳಲ್ಲಿ, ವಿಶೇಷವಾಗಿ ಮಿನಿಕಾಯಿಯಲ್ಲಿ, ಸೂರೆ ಮೀನನ್ನು ಬೇಯಿಸಿ, ಹೊಗೆ ಕೊಟ್ಟು, ಬಿಸಿಲಿನಲ್ಲಿ ಕಟ್ಟಿಗೆಯಂತೆ ಒಣಗಿಸಿ 'ಮಾಸ್' ಅಥವಾ 'ಮಾಸ್‌ಮೀನ್' ಮಾಡುತ್ತಾರೆ. ಕೊದಾಮಾ ಅವರು ಇನೊಸಿನೇಟನ್ನು ಕಂಡ ಜಪಾನೀ ಒಣಮೀನಿಗೆ ಇದು ದಾಯಾದಿ. ಎರಡೂ ಒಂದೇ ಜಾತಿಯ ಮೀನಿನಿಂದಾದವು. ಉಪ್ಪು ತುಂಬಿ ಒಣಗಿಸಿದ ಮೀನಿನ ಹಾಗಲ್ಲದೆ, ಇದು ಬಾಳುವುದು ಮುಖ್ಯವಾಗಿ ಹೊಗೆಯಿಂದ, ಬಿಸಿಲಿನಿಂದ. ಒಂದು ಚಮಚ ತುರಿ ಒಂದು ಪಾತ್ರೆ ಸಾರಿಗೆ ಸಾಕು. ಉಮಾಮಿಯನ್ನು ಕಲಿಯಲು ನಾವು ಟೋಕಿಯೊಗೆ ಹೋಗಬೇಕಾಗಿಲ್ಲ. ಅದು ಕೊಚ್ಚಿಯ ಹಡಗುಕಟ್ಟೆಯ ತನಕ ತಾನಾಗಿ ಬಂದಿದೆ. ಉಪ್ಪು ಹಾಕದೆ ಒಣಗಿಸಿದ ಸಿಗಡಿ ಸಿಕ್ಕಿದರೆ ಅದರ ಚಟ್ನಿಗೂ ಇದೇ ಗುಣವುಂಟು. ಯೂರಿಕ್ ಆಮ್ಲದ ತೊಂದರೆ ಇರುವವರು ಮಾತ್ರ ಇವನ್ನು ವೈದ್ಯರನ್ನು ಕೇಳಿಯೇ ಬಳಸಬೇಕು.

ಇನ್ನು ಕೊಚ್ಚಿಯ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದ ಪ್ರಶ್ನೆ: "ಅಂದರೆ ಹೋಟೆಲಿನವರು ಹಾಕುವ ಟೇಸ್ಟಿಂಗ್ ಪೌಡರನ್ನು ನೀವು ನಮ್ಮ ಮನೆಗೆ ತರುತ್ತಿದ್ದೀರಾ, ಅಮ್ಮಾ?" ಪ್ರಶ್ನೆ ನ್ಯಾಯವಾದದ್ದು. ಇಕೆಡಾ ಅವರ ಗ್ಲುಟಮೇಟನ್ನೇ ಸೋಡಿಯಂನೊಡನೆ ಸೇರಿಸಿ ಹರಳು ಮಾಡಿದ ವಸ್ತು 1909ರಿಂದ ಅಜಿನೊಮೊಟೊ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದೆ. 1968ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದಕ್ಕೆ ಬಂದ ಒಂದು ಓದುಗರ ಪತ್ರದಿಂದ, ಚೀನೀ ಹೋಟೆಲಿನ ಊಟದಿಂದ ಕಾಯಿಲೆ ಎಂಬ ಭಯ ಹಬ್ಬಿತು. ಮುಂದಿನ ಕಟ್ಟುನಿಟ್ಟಾದ ಪರೀಕ್ಷೆಗಳಲ್ಲಿ, ಊಟದೊಡನೆ ಬಳಸುವ ಪ್ರಮಾಣದಲ್ಲಿ ಆ ಭಯಕ್ಕೆ ಸ್ಥಿರವಾದ ಆಧಾರ ದೊರೆಯಲಿಲ್ಲ. ಪರರ ಅಡುಗೆಯ ಮೇಲಿನ ಅಪನಂಬಿಕೆ ಎಷ್ಟು ಬೇಗ ವಿಜ್ಞಾನದ ವೇಷ ಹಾಕುತ್ತದೆ ಎಂಬುದು ಹೊರನಾಡಿನಲ್ಲಿ ಬಾಳುವ ನಾವು ಅರಿಯಬೇಕಾದ ಪಾಠ. ಆದರೂ 2017ರಲ್ಲಿ ಯುರೋಪಿನ ಆಹಾರ ಸುರಕ್ಷಾ ಸಂಸ್ಥೆ ಇದಕ್ಕೊಂದು ಮಿತಿ ಹಾಕಿದೆ: ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 30 ಮಿಲಿಗ್ರಾಂ. ಎಳೆಯ ಮಕ್ಕಳ ಆಹಾರಕ್ಕೆ ಇದನ್ನು ಹಾಕಬಾರದು.

ಅಂಕಿಯನ್ನೇ ನೋಡಿ. ಅಡುಗೆ ಉಪ್ಪಿನಲ್ಲಿ ಸೋಡಿಯಂ ಶೇಕಡ 39. ಈ ಪುಡಿಯಲ್ಲಿ ಶೇಕಡ 12. ಒಂದು ಪಾತ್ರೆ ಸಾರಿಗೆ 5 ಗ್ರಾಂ ಉಪ್ಪು ಹಾಕುವ ಬದಲು ಮೂರೂವರೆ ಗ್ರಾಂ ಉಪ್ಪನ್ನೂ ಅರ್ಧ ಗ್ರಾಂ ಪುಡಿಯನ್ನೂ ಹಾಕಿದರೆ ಸೋಡಿಯಂ ಕಾಲುಭಾಗಕ್ಕಿಂತ ತುಸು ಹೆಚ್ಚೇ ಇಳಿಯುತ್ತದೆ. ಆದರೆ ಉಪ್ಪನ್ನು 5 ಗ್ರಾಂ ಇಟ್ಟುಕೊಂಡೇ ಮೇಲಿಂದ ಪುಡಿ ಉದುರಿಸಿದರೆ ಸೋಡಿಯಂ ಏರುತ್ತದೆ! ಎಷ್ಟೋ ಹೋಟೆಲುಗಳಲ್ಲಿ ನಡೆಯುವುದು ಎರಡನೆಯದು. ಪುಡಿ ಬೇಕೋ ಬೇಡವೋ ನಿಮ್ಮ ಮನಸ್ಸಿಗೆ ಬಿಟ್ಟದ್ದು. ಟೊಮೆಟೊವನ್ನೂ ಅಣಬೆಯನ್ನೂ ಬಲ್ಲ ಅಡುಗೆಗೆ ಅದು ಅನಿವಾರ್ಯವಲ್ಲ.

ಇಲ್ಲೊಂದು ಎಚ್ಚರಿಕೆ. ಉಮಾಮಿಗೆ ಹೆಸರಿಟ್ಟ ಜಪಾನಿನಲ್ಲಿಯೇ ಜನ ದಿನಕ್ಕೆ ಸುಮಾರು 10 ಗ್ರಾಂ ಉಪ್ಪು ತಿನ್ನುತ್ತಾರೆ. ಅಲ್ಲಿಯ ಉತ್ತರದ ಅಕಿತಾ ಪ್ರಾಂತ್ಯ 1950ರ ದಶಕದಲ್ಲಿ ಪಾರ್ಶ್ವವಾಯುವಿಗೆ ಕುಖ್ಯಾತವಾಗಿತ್ತು. ಹುದುಗಿಸಿದ ಸೋಯಾ, ಉಪ್ಪಿನಲ್ಲಿಟ್ಟ ತರಕಾರಿ, ಉಪ್ಪುಮೀನು ಅಲ್ಲಿಯ ನಿತ್ಯದ ಊಟ. ಇವೆಲ್ಲ ಉಮಾಮಿಯ ಗಣಿಗಳೇ, ಆದರೆ ಉಪ್ಪಿನ ಗಣಿಗಳೂ ಹೌದು. ಸೋಯಾ ಸಾಸು, ಉಪ್ಪು ಹಾಕಿದ ಒಣಮೀನು, ಅಂಗಡಿಯ ಸೂಪಿನ ಪುಡಿ ಇವನ್ನು ಉಮಾಮಿಯ ಹೆಸರಿನಲ್ಲಿ ಮನೆಗೆ ತಂದರೆ ಕಳ್ಳನ ಕೈಗೆ ಕೀಲಿ ಕೊಟ್ಟಂತೆ. ಅವನ್ನು ಬಳಸಿದ ದಿನ ಉಪ್ಪಿನ ಡಬ್ಬಿ ಮುಚ್ಚಿರಲಿ. ರುಚಿ ಹೆಚ್ಚಿಸುವುದು ಸಾಧನ ಮಾತ್ರ. ಕೈ ಹಿಡಿಯುವುದು ನಮ್ಮ ನಿರ್ಧಾರ.

ಆ ನಿರ್ಧಾರಕ್ಕೆ ಸುಲಭವಾದ ಮೂರು ಉಪಾಯಗಳನ್ನು ಹೇಳುತ್ತೇನೆ.

ಒಂದು: ಉಪ್ಪಿನ ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಕು ಬರೆಯಿರಿ. ನಾಲ್ವರು ವಯಸ್ಕರ ಮನೆಗೆ ದಿನಕ್ಕೆ ತಲಾ 5 ಗ್ರಾಂನಂತೆ 20 ಗ್ರಾಂ. ಒಂದು ಕಿಲೋ ಪೊಟ್ಟಣ 50 ದಿನ ಬರಬೇಕು. 25 ದಿನಕ್ಕೇ ಮುಗಿಯಿತೆಂದರೆ ಬಳಕೆ ಇಮ್ಮಡಿ ಎಂದರ್ಥ, ಹೊರಗೆ ತಿಂದದ್ದು ಬೇರೆ. ಈ ಲೆಕ್ಕಕ್ಕೆ ಯಾವ ಪ್ರಯೋಗಾಲಯವೂ ಬೇಡ.

ಎರಡು: ಕೈಯಳತೆ ಬಿಟ್ಟು ಚಮಚದ ಅಳತೆಗೆ ಬನ್ನಿ, ತಿಂಗಳಿಗೆ ಸ್ವಲ್ಪ ಸ್ವಲ್ಪವೇ ಇಳಿಸಿ. ನಾಲಗೆ ಎರಡು ಮೂರು ತಿಂಗಳಲ್ಲಿ ಒಗ್ಗಿಕೊಳ್ಳುತ್ತದೆ. ಆಮೇಲೆ ಹಳೆಯ ಸಾರೇ ಉಪ್ಪುಪ್ಪಾಗಿ ತೋರುತ್ತದೆ. ಬಳಸುವುದು ಮಾತ್ರ ಅಯೋಡಿನ್ ಸೇರಿದ ಉಪ್ಪೇ ಆಗಿರಲಿ.

ಮೂರು: ಎಲೆಯ ತುದಿಯ ಉಪ್ಪಿಗೆ ಅದರ ಸ್ಥಾನ ಹಿಂದಿರುಗಿಸಿ. ಅಡುಗೆಗೆ ಕಡಿಮೆ ಹಾಕಿ, ಬೇಕಾದವರು ಎಲೆಯಲ್ಲಿ ಬೆರೆಸಿಕೊಳ್ಳಲಿ. ಹೀಗೆ ಬಿಟ್ಟರೆ ಎಲ್ಲರೂ ಸುರಿದುಕೊಳ್ಳುವರೆಂಬ ಭಯ ಬೇಡ. 1987ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಡುಗೆಯಿಂದ ತೆಗೆದ ಉಪ್ಪಿನ ಐದನೆಯ ಒಂದು ಪಾಲನ್ನೂ ಜನ ಮೇಲಿಂದ ಹಾಕಿಕೊಳ್ಳಲಿಲ್ಲ.

ಪೊಟ್ಯಾಸಿಯಂ ಬೆರೆತ ಬದಲಿ ಉಪ್ಪಿನ ಬಗ್ಗೆಯೂ ಕೇಳಿದವರಿದ್ದಾರೆ. ಚೀನಾದ 600 ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದರಿಂದ ಪಾರ್ಶ್ವವಾಯು ಶೇಕಡ 14ರಷ್ಟು ತಗ್ಗಿತು. ಆದರೆ ಮೂತ್ರಪಿಂಡದ ತೊಂದರೆ ಇರುವವರಿಗೂ ರಕ್ತದೊತ್ತಡದ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೂ ಅದು ಅಪಾಯ. ವೈದ್ಯರನ್ನು ಕೇಳದೆ ಬೇಡ. ಮತ್ತು ನಾನು ಹೇಳಿದ ಯಾವುದೂ ಮಾತ್ರೆಗೆ ಬದಲಿಯಲ್ಲ.

ಕೊನೆಗೆ, ಈ ವೇದಿಕೆಗೆ ಸಲ್ಲುವ ಮಾತು. ಉಪ್ಪು ಕಡಿಮೆ ಮಾಡುವ ಹೊರೆ ಬೀಳುವುದು ಬಹುಪಾಲು ಮನೆಗಳಲ್ಲಿ ಹೆಂಗಸರ ಮೇಲೆ. "ಸಪ್ಪೆ" ಎಂದು ತಟ್ಟೆ ದೂಡುವ ಅಧಿಕಾರ ಮಾತ್ರ ಗಂಡಸರಿಗೆ. ಗಂಡನ ರಕ್ತದೊತ್ತಡಕ್ಕೆ ಹೆಂಡತಿ ಎರಡು ಬಗೆ ಸಾರು ಮಾಡಿ ದಣಿಯುತ್ತಾಳೆ. ಹಾಗಾಗದೆ ಮನೆಗೆಲ್ಲ ಒಂದೇ ಸಾರು, ಎಲ್ಲರಿಗೂ ರುಚಿಸುವ ಸಾರು ಆಗಬೇಕಾದರೆ ಉಣ್ಣುವವರೂ ಅಡುಗೆಮನೆಗೆ ಬಂದು ಟೊಮೆಟೊ ಬಾಡಿಸಲು ನಿಲ್ಲಬೇಕು. ಇದನ್ನು ಸಂಘದಿಂದಲೇ ಆರಂಭಿಸಬಾರದೇಕೆ? ರಾಜ್ಯೋತ್ಸವದ ಊಟಕ್ಕೆ ನೂರು ಲೀಟರ್ ಹುಳಿ ಮಾಡಿದರೆ, ನೂರಕ್ಕೆ ಒಂದರ ಲೆಕ್ಕದಲ್ಲಿ ಒಂದು ಕಿಲೋ ಉಪ್ಪು ಬೀಳುತ್ತದೆ. ಈ ವರ್ಷ ತಕ್ಕಡಿಯಲ್ಲಿ ತೂಗಿ 750 ಗ್ರಾಂ ಹಾಕೋಣ. ಗಟ್ಟಿ ಕಟ್ಟು, ಹಣ್ಣು ಟೊಮೆಟೊ, ಒಣ ಅಣಬೆಯ ನೀರು ಸೇರಿಸೋಣ. ಎಲೆಯ ತುದಿಗೆ ಉಪ್ಪು ಇದ್ದೇ ಇರುತ್ತದೆ. ಉಂಡವರು ವ್ಯತ್ಯಾಸ ಹೇಳಲಿ, ನೋಡೋಣ. ನಮ್ಮವರು ನಡೆಸುವ ಹೋಟೆಲುಗಳಿಗೂ ಇದೇ ವಿನಂತಿ.

ಕಾಸರಗೋಡಿನ ಬಂಧುಗಳು ಹೊರನಾಡಿಗರಲ್ಲ. 1956ರಲ್ಲಿ ಗಡಿಯೇ ಅವರನ್ನು ದಾಟಿ ಹೋಯಿತು. ನಾವೋ ದುಡಿಮೆಗೆಂದು ಗಡಿ ದಾಟಿ ಬಂದವರು. ಇಬ್ಬರಿಗೂ ಕನ್ನಡ ಉಳಿಯಬೇಕೆಂಬ ಹಂಬಲ ಒಂದೇ. ನುಡಿ ಉಳಿಯುವುದು ಅದನ್ನಾಡುವ ಹಿರಿಯರು ಮೊಮ್ಮಕ್ಕಳೊಡನೆ ಬಹುಕಾಲ ಬಾಳಿದಾಗ. ಪಾರ್ಶ್ವವಾಯು ಬಡಿದ ಅಜ್ಜನಿಂದ ಮೊದಲು ಹೋಗುವುದು ಎಷ್ಟೋ ವೇಳೆ ಮಾತೇ. ಈ ಮನೆಗಳಲ್ಲಿ ಆ ಮಾತೇ ಕನ್ನಡ. ಅದನ್ನು ಕಾಯುವ ಕೆಲಸದಲ್ಲಿ ಪುಸ್ತಕಕ್ಕೂ ಪಾಠಕ್ಕೂ ಇರುವ ಸ್ಥಾನ ಸಾರಿನ ಪಾತ್ರೆಗೂ ಇದೆಯೆಂದು ತಿಳಿದು ನಾನು ಇಷ್ಟು ಹೇಳಿದೆ.